ದೊಡ್ಡಮ್ಮನ ಮೈಮೇಲೆ ಬರುವ ಬಿ ಸೆಕ್ಷನ್

ಕೆಲವರ ಮೈಮೇಲೆ ದೇವರು ಬರುತ್ತದೆ. ಕೆಲವರ ಮೈಮೇಲೆ ದೆವ್ವ ಬರುತ್ತದೆ. ನಮ್ಮ ದೊಡ್ಡಮ್ಮನ ಮೈಮೇಲೆ ಎಂಟನೇ ಕ್ಲಾಸಿನ ಬಿ ಸೆಕ್ಷನ್ ಬರುತ್ತದೆ!

ನಗುವವರು ಒಂದು ಸಂಜೆ ಗರುಡಾಚಾರ್‌ಪಾಳ್ಯಕ್ಕೆ ಬಂದು ನಮ್ಮ ವಠಾರದ ಮುಂದೆ ನಿಂತು ನೋಡಲಿ. ಕೆಳಗಿನ ಮನೆಯ ಕಿಟಕಿಯಿಂದ ಒಬ್ಬ ಹುಡುಗ ತೊದಲುತ್ತಾ ತನ್ನ ಅಜ್ಜನ ಸೈಕಲ್ಲಿನ ಕಥೆ ಹೇಳುವುದು ಕೇಳಿಸುತ್ತದೆ. ಅವನು ನಿಲ್ಲಿಸಿದ ಕೂಡಲೇ ಮೂಗು ಕಟ್ಟಿಕೊಂಡ ಹುಡುಗಿಯೊಬ್ಬಳು ಮರಗಳನ್ನು ಉಳಿಸಿ ಎನ್ನುತ್ತಾಳೆ. ಆಮೇಲೆ ಯಾರೋ ಬಿಕ್ಕುತ್ತಾರೆ. ಇಣುಕಿದರೆ ಒಳಗೆ ಒಂದು ಮಗುವೂ ಇಲ್ಲ. ಗೋಡೆಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ, ಚಾಪೆಯ ಮೇಲೆ ಕಾಲು ಚಾಚಿಕೊಂಡು ನರೆಗೂದಲಿನ ಹೆಂಗಸೊಬ್ಬಳು ಕೂತಿದ್ದಾಳೆ, ಅಷ್ಟೆ. ಅವಳೇ ನಮ್ಮ ದೊಡ್ಡಮ್ಮ, ನನ್ನ ಅಮ್ಮನ ಅಕ್ಕ. ಇಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮದುವೆಯಾಗಲಿಲ್ಲ. ಮದುವೆಯಾಗಿದ್ದರೆ ಆ ಗಂಡನ ಗತಿ ಏನಾಗುತ್ತಿತ್ತೋ ಎಂದು ನಾನು ಆಗಾಗ ಯೋಚಿಸುತ್ತೇನೆ.

ಅವಳು ಮಕ್ಕಳ ಪ್ರಬಂಧ ತಿದ್ದುವ ರೀತಿಯೇ ಹಾಗೆ. ಎಲ್ಲರೂ ಕಣ್ಣಲ್ಲಿ ಓದಿದರೆ ಅವಳು ಬಾಯಲ್ಲಿ ಓದುತ್ತಾಳೆ, ಅದೂ ಬರೆದ ಮಗುವಿನ ದನಿಯಲ್ಲಿ. ಮೊದಲ ಸಾಲು ಅವಳ ದನಿಯಲ್ಲೇ ಶುರುವಾಗುತ್ತದೆ. ಎರಡನೇ ಸಾಲಿಗೆ ಗಂಟಲು ಸರಿಮಾಡಿಕೊಳ್ಳುತ್ತಾಳೆ. ಮೂರನೇ ಸಾಲಿಗೆ ಬರುವಷ್ಟರಲ್ಲಿ ದೊಡ್ಡಮ್ಮ ಅಲ್ಲಿರುವುದಿಲ್ಲ. ಕೂತ ಭಂಗಿ ಬದಲಾಗುತ್ತದೆ, ಭುಜ ಕುಗ್ಗುತ್ತದೆ, ಉಗುರು ಕಚ್ಚುವ ಮಗುವಾದರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಇಷ್ಟು ವರ್ಷದಿಂದ ನೋಡುತ್ತಿರುವ ನನಗೇ ಹಿಂದಿನಿಂದ ಕರೆಯಲು ಧೈರ್ಯವಾಗುವುದಿಲ್ಲ. ತಿರುಗಿದಾಗ ಮುಖ ಯಾರದ್ದಿರುತ್ತದೋ ಯಾರಿಗೆ ಗೊತ್ತು?

ಓದುತ್ತಾ ಓದುತ್ತಾ ಆ ಮಗುವಿನ ದನಿ ಎಲ್ಲಿ ಮುಗ್ಗರಿಸುತ್ತದೋ ಅಲ್ಲಿ ಹಸಿರು ಪೆನ್ನಿನಿಂದ ಒಂದು ಚುಕ್ಕೆ ಇಡುತ್ತಾಳೆ. ಚುಕ್ಕೆಯ ಪಕ್ಕ ಒಂದೇ ಒಂದು ಪ್ರಶ್ನೆ. ಮಗು ಆ ಪ್ರಶ್ನೆಗೆ ಉತ್ತರ ಹುಡುಕಿ ಅಷ್ಟು ಭಾಗ ಮಾತ್ರ ಮತ್ತೆ ಬರೆದುಕೊಂಡು ಬರಬೇಕು. ಇವಳು ಅದನ್ನು ಮತ್ತೆ ಅದೇ ದನಿಯಲ್ಲಿ ಓದುತ್ತಾಳೆ. ದನಿ ಎಡವದೆ ನಡೆದುಹೋಗುವವರೆಗೂ ಇದು ಮುಗಿಯುವುದಿಲ್ಲ. 'ಉತ್ತಮ', 'ಸುಧಾರಿಸಬೇಕು' ಎಂದೆಲ್ಲ ಬರೆಯುವುದಿಲ್ಲ. ಅಂಕ ಹಾಕುವುದು ಶಾಲೆಯ ಆಫೀಸಿನವರು ಬೆನ್ನು ಬಿದ್ದಾಗ ಮಾತ್ರ.

"ಎಲ್ಲಾರ ಥರ ಮಾರ್ಕ್ಸ್ ಹಾಕಿ ಮುಗಿಸ್ಬಾರ್ದಾ ದೊಡ್ಡಮ್ಮ?" ಎಂದು ಕೇಳಿದ್ದೆ.

"ಹತ್ತಕ್ಕೆ ಆರು ಅಂತ ಹಾಕ್ದೆ ಅಂದ್ಕೋ. ಉಳಿದ ನಾಲ್ಕು ಎಲ್ಲಿ ಬಿದ್ದೋಯ್ತು ಅಂತ ಮಗು ಎಲ್ಲಿ ಹುಡುಕ್ಬೇಕು? ನಾನು ಬಿದ್ದಿರೋ ಜಾಗ ತೋರಿಸ್ತೀನಿ. ಎತ್ಕೊಳ್ಳೋದು ಅದರ ಕೆಲಸ."

"ಅದಕ್ಕೆ ಅವರ ದನಿ ಯಾಕೆ ಬೇಕು? ನಿನ್ನ ದನೀಲೇ ಓದ್ಬೋದಲ್ಲ."

"ನನ್ನ ದನೀಲಿ ಓದಿದ್ರೆ ಎಲ್ಲಾ ಸರಿಯಾಗೇ ಓದ್ಬಿಡ್ತೀನಿ ಕಣೇ. ಹಳ್ಳ ಇದ್ರೂ ದಾಟ್ಕೊಂಡು ಹೋಗ್ಬಿಡ್ತೀನಿ. ಆಮೇಲೆ ತಿದ್ದೋದು ಏನನ್ನ?"

ನಾನು ಕಾಫಿ ಲೋಟ ಅಲ್ಲೇ ಇಟ್ಟು ಎದ್ದು ಬಂದೆ.

ಮೊದಲು ಅವಳು ಜೋಗುಪಾಳ್ಯದಲ್ಲಿ ಬಾಡಿಗೆಗಿದ್ದಳು. ಗೋಡೆಗೆ ಗೋಡೆ ತಾಗಿದ ಮನೆಗಳು, ಒಬ್ಬರು ಸೀನಿದರೆ ಇನ್ನೊಬ್ಬರು ಆರೋಗ್ಯ ವಿಚಾರಿಸುವಂಥ ಬೀದಿ. ಪಕ್ಕದ ಮನೆಯಲ್ಲಿ ಇಡ್ಲಿ ಮಾಡಿ ಮಾರುವ ತಮಿಳು ಹೆಂಗಸು. ಒಂದು ದಿನ ಆಕೆ ಬಾಗಿಲಲ್ಲೇ ನಿಂತು ವಿಚಾರಣೆ ನಡೆಸಿದಳಂತೆ.

"ಟೀಚರಮ್ಮಾ, ನಿಮಗೆ ಮಕ್ಕಳಿಲ್ಲ ತಾನೆ?"

"ಇಲ್ಲ."

"ಹಂಗಂದ್ರೆ ನಿನ್ನೆ ಸಾಯಂಕಾಲ ಅತ್ತಿದ್ದು ಯಾರು?"

"ಅದಾ? ಎಂಟನೇ ಕ್ಲಾಸಿನ ಹುಡುಗ. ಪಾಪ, ಅವನ ನಾಯಿ ಸತ್ತೋಯ್ತು."

"ಎಲ್ಲಿ ಆ ಹುಡುಗ?"

"ಅವನ ಮನೇಲಿರ್ತಾನೆ. ನಾನು ಒಬ್ಬಳೇ ಇದ್ದೆ."

ಇಷ್ಟನ್ನು ದೊಡ್ಡಮ್ಮ ನಗುನಗುತ್ತಾ ಹೇಳಿ ಬಾಗಿಲು ಹಾಕಿಕೊಂಡಿದ್ದಾಳೆ. ಮಾರನೆಯ ದಿನ ಆ ಸಾಲಿನ ಎಲ್ಲ ಮನೆಗಳ ಬಾಗಿಲಿಗೂ ನಿಂಬೆಹಣ್ಣು, ಹಸಿಮೆಣಸಿನಕಾಯಿ ನೇತಾಡುತ್ತಿದ್ದವು. ಅವಳದೊಂದನ್ನು ಬಿಟ್ಟು! ವಾರ ಕಳೆಯುವುದರೊಳಗೆ ಮನೆಯ ಓನರ್ ಬಂದು, ಮನೆ ರಿಪೇರಿ ಮಾಡಿಸಬೇಕು, ಖಾಲಿ ಮಾಡಿ ಅಂದರು. ಆ ಮನೆ ಇವತ್ತಿಗೂ ರಿಪೇರಿಯಾಗಿಲ್ಲ. ಯಾರೂ ಬಾಡಿಗೆಗೂ ಬಂದಿಲ್ಲವಂತೆ.

ಹಾಗೆ ಅವಳು ನಮ್ಮಲ್ಲಿಗೆ ಬಂದಳು. ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಮೂರು ಮಹಡಿ ರೂಮು ಕಟ್ಟಿಸಿದ್ದಾರೆ. ಅಪ್ಪನ ಮಂಡಿ ಕೈಕೊಟ್ಟ ಮೇಲೆ ಬಾಡಿಗೆದಾರರ ಉಸ್ತುವಾರಿ ನನ್ನದು. ರೂಮು ತೋರಿಸುವುದು, ನೀರು ಬಿಡುವುದು, ಜಗಳ ಬಿಡಿಸುವುದು, ಎಲ್ಲ. ದೊಡ್ಡಮ್ಮ ಬಂದ ಮೇಲೆ ಇನ್ನೊಂದು ಕೆಲಸ ಸೇರಿಕೊಂಡಿತು: ನಮ್ಮ ಮನೆಯಲ್ಲಿ ದೆವ್ವ ಇಲ್ಲ ಎಂದು ಜನರನ್ನು ನಂಬಿಸುವುದು.

ಒಂದು ದಿನ ಗಂಡ ಹೆಂಡತಿ ಇಬ್ಬರು ರೂಮು ನೋಡಲು ಬಂದರು. ಇಬ್ಬರಿಗೂ ಇಲ್ಲೇ ಕಂಪನಿ ಕೆಲಸ. ಒಳ್ಳೆಯ ಜನ, ನಲ್ಲಿ ತಿರುಗಿಸಿ ನೋಡಿ ಖುಷಿಪಟ್ಟರು. ಮೋಡ ಕವಿದ ಸಂಜೆ, ಕರೆಂಟು ಬೇರೆ ಹೋಗಿತ್ತು. ಮೆಟ್ಟಿಲಿಳಿದು ಬರುವಾಗ ಕೆಳಗಿನ ಕತ್ತಲೆಯಿಂದ ಒಂದು ಚಿಕ್ಕ ಮಗುವಿನ ದನಿ ಬಂತು.

"ಅಮ್ಮಾ... ಬಾಗಿಲು ತೆಗಿ. ನಾನು ಒಳಗಿದ್ದೀನಿ."

ಹೆಂಡತಿ ಗಂಡನ ತೋಳು ಹಿಡಿದುಕೊಂಡಳು. ನಾನು ಗಟ್ಟಿಯಾಗಿ ಕೆಮ್ಮಿದೆ. ದನಿ ಇನ್ನಷ್ಟು ನಿಧಾನವಾಗಿ ಮತ್ತೆ ಬಂತು: "ಅಮ್ಮಾ... ಬಾಗಿಲು ತೆಗಿ."

"ಯಾರದ್ರೀ ಮಗು? ಲಾಕ್ ಆಗಿದೆ ಅನ್ಸುತ್ತೆ," ಅಂದ ಗಂಡ.

ಲಿಫ್ಟಿನಲ್ಲಿ ಸಿಕ್ಕಿಕೊಂಡ ದಿನದ ಬಗ್ಗೆ ಯಾರೋ ಬರೆದ ಪ್ರಬಂಧ ಅದು, ಮಗು ಯಾವುದೂ ಇಲ್ಲ ಎಂದು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ, ಅದೇ ಕತ್ತಲೆಯಿಂದ ಮುದಿ ಹೆಂಗಸಿನ ದನಿಯೊಂದು ತಣ್ಣಗೆ ಹೇಳಿತು: "ಊಹೂಂ, ಇನ್ನೂ ಭಯ ಸಾಲದು."

ಆ ದಂಪತಿ ನಾಳೆ ಫೋನ್ ಮಾಡುತ್ತೇವೆ ಎಂದು ಹೋದರು. ಆ ನಾಳೆ ಇನ್ನೂ ಬಂದಿಲ್ಲ.

ಅವಳ ಬಾಯಿಗೆ ಸುಳ್ಳು ದಕ್ಕುವುದೇ ಇಲ್ಲ ಎನ್ನುವುದು ಇನ್ನೂ ದೊಡ್ಡ ತಮಾಷೆ. ಒಬ್ಬ ಹುಡುಗನ ಪ್ರಬಂಧ ಓದುತ್ತಿದ್ದವಳ ಎಳೆಯ ದನಿ ಎರಡನೇ ಪ್ಯಾರಾದಲ್ಲಿ ಇದ್ದಕ್ಕಿದ್ದಂತೆ ಒಡೆದು, ಎಲೆಅಡಿಕೆ ಹಾಕಿಕೊಂಡ ಗಡುಸು ಗಂಡಸಿನ ದನಿಯಾಯಿತು. ಸೊಪ್ಪು ಬಿಡಿಸುತ್ತಾ ಪಕ್ಕದಲ್ಲಿ ಕೂತಿದ್ದ ನಾನು ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದೆ. ದೊಡ್ಡಮ್ಮ ಮಾತ್ರ ಎಡಗೆನ್ನೆ ಒತ್ತಿಕೊಂಡು ಕೂತಿದ್ದಳು. ಮಾರನೆಯ ದಿನ ಹುಡುಗನ ಅಪ್ಪನನ್ನು ಕರೆಸಿದಳು. ಆತ ಟಿನ್ ಫ್ಯಾಕ್ಟರಿ ಕಡೆ ಗ್ಯಾರೇಜ್ ಇಟ್ಟಿರುವ ದೈತ್ಯ ಆಸಾಮಿ.

"ಎಡಗಡೆ ದವಡೆ ಹಲ್ಲು ನೋವಾ ನಿಮಗೆ?" ಎಂದು ಕೇಳಿದಳು.

ಆತ ತಬ್ಬಿಬ್ಬಾಗಿ ಹಿಂದೆ ಮುಂದೆ ನೋಡಿದ. "ಹೌದು ಮೇಡಂ. ಯಾರು ಹೇಳಿದ್ರು?"

"ನೀವೇ ಹೇಳಿದ್ರಿ, ಎರಡನೇ ಪ್ಯಾರಾದಲ್ಲಿ. ಬಾಯಿ ಪೂರ್ತಿ ತೆರೆಯೋಕೆ ಆಗದೆ ಎಲ್ಲಾ ಮಾತೂ ಅರ್ಧಕ್ಕೇ ಕಚ್ಚಿಬಿಟ್ಟಿದೀರ. ಮಗನ ಹೋಮ್‌ವರ್ಕ್ ನೀವು ಬರೆದ್ರಿ, ಇರ್ಲಿ. ಈಗ ಆ ಪ್ಯಾರಾ ಮತ್ತೆ ಬರ್ಕೊಂಡು ಬನ್ನಿ."

ಪಾಪ, ಆ ಮನುಷ್ಯ ಬರೆದುಕೊಂಡು ಬಂದ. ಅದಕ್ಕೂ ಹಸಿರು ಚುಕ್ಕೆ ಬಿತ್ತು. ಮತ್ತೆ ಬರೆದ. ಹಲ್ಲು ಕೀಳಿಸಿಕೊಂಡು ಬಂದು ಬರೆದದ್ದು ಪಾಸಾಯಿತು.

ಇನ್ನೊಂದು ದಿನದ್ದು ನೆನೆಸಿಕೊಂಡರೆ ಈಗಲೂ ಮೈ ಜುಂ ಎನ್ನುತ್ತದೆ. ಅವಳ ಕೋಣೆಯಿಂದ ಯಾವ ದನಿಯೂ ಬರುತ್ತಿರಲಿಲ್ಲ. ಹೋಗಿ ನೋಡಿದರೆ ಪುಸ್ತಕ ಕೈಯಲ್ಲಿ ಹಿಡಿದು, ಬಾಯಿ ತೆರೆದು ಕೂತಿದ್ದಾಳೆ. ತುಟಿ ಅಲ್ಲಾಡುತ್ತಿದೆ. ಶಬ್ದ ಮಾತ್ರ ಇಲ್ಲ. ಬರೀ ಉಸಿರು. ನನಗೆ ಲಕ್ವ ಹೊಡೆಯಿತೇನೋ ಅನ್ನಿಸಿ ಭುಜ ಹಿಡಿದು ಅಲ್ಲಾಡಿಸಿದೆ.

"ಇದರೊಳಗೆ ಯಾರೂ ಇಲ್ಲ ಕಣೇ," ಎಂದಳು ಪಿಸುದನಿಯಲ್ಲಿ. "ತಪ್ಪೂ ಇಲ್ಲ. ಎಲ್ಲಾ ಗುಡಿಸಿ ಸಾರಿಸಿ ಇಟ್ಟಿದಾರೆ, ಮನೇಲಿ ಮನುಷ್ಯರೇ ಇಲ್ಲ."

ಹುಡುಗ ಮೊಬೈಲಿನ ಎಐ ಕೈಲಿ ಬರೆಸಿಕೊಂಡಿದ್ದ! ಅವಳು ಬೈಯಲಿಲ್ಲ. ಒಂದು ಚುಕ್ಕೆ ಇಟ್ಟು ಬರೆದಳು: 'ಇದು ತಯಾರಾಗುವಾಗ ನೀನು ಎಲ್ಲಿದ್ದೆ?' ಹುಡುಗ ಸತ್ಯವಂತ. ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನಲ್ಲಿ ನಿಂತು ಪಾನಿಪುರಿ ತಿನ್ನುತ್ತಿದ್ದೆ, ಪುದೀನ ನೀರು ಅಂಗಿಯ ಮೇಲೆ ಸೋರಿತು, ಅಮ್ಮನಿಗೆ ಕಾಣದಂತೆ ಬ್ಯಾಗನ್ನು ಎದೆಗೆ ನೇತುಹಾಕಿಕೊಂಡು ಮನೆಗೆ ಹೋದೆ ಎಂದು ಒಂದು ಪುಟ ಬರೆದ. ದೊಡ್ಡಮ್ಮ ಅದನ್ನು ಓದಿದ ರೀತಿಗೆ ನಾನು ಅವತ್ತು ಸಂಜೆ ಆಟೋ ಮಾಡಿಕೊಂಡು ಪಾನಿಪುರಿ ತಿನ್ನಲು ಹೋದೆ.

ಇಷ್ಟೆಲ್ಲ ಮಕ್ಕಳು ಬಂದು ಹೋಗುವ ಆ ಗಂಟಲಿಗೆ ಒಂದೇ ಒಂದು ಮಗು ಬರಲಿಲ್ಲ.

ಆ ಮಗು ನಮ್ಮ ಎರಡನೇ ಮಹಡಿಯ ರೂಮಿನ ಶರಣಮ್ಮ. ಯಾದಗಿರಿ ಕಡೆಯವರು. ಅಪ್ಪ ಕಟ್ಟಡದ ಕೆಲಸಕ್ಕೆ, ತಾಯಿ ಇಂದಿರಾನಗರದ ಫ್ಲ್ಯಾಟುಗಳಲ್ಲಿ ಮನೆಗೆಲಸಕ್ಕೆ ಹೋಗುತ್ತಾರೆ. ಅವರು ದುಡಿಯಲು ಬೆಂಗಳೂರಿಗೆ ಬಂದ ಮೇಲೂ ಹುಡುಗಿ ಊರಲ್ಲಿ ಅಜ್ಜಿಯ, ಅಂದರೆ ಅಪ್ಪನ ತಾಯಿಯ, ಜೊತೆಯೇ ಇದ್ದಳು. ಅಜ್ಜಿ ತೀರಿಕೊಂಡ ಮೇಲೆ ಇಲ್ಲಿಗೆ ಕರೆದುಕೊಂಡು ಬಂದು ದೊಡ್ಡಮ್ಮನ ಶಾಲೆಗೇ ಸೇರಿಸಿದರು. ಬಂದಾಗಿನಿಂದ ಅವಳು ಒಂದು ಮಾತನ್ನೂ ಆಡಿರಲಿಲ್ಲ. ಶಾಲೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಡಾಕ್ಟರು ಗಂಟಲು, ಕಿವಿ ಎಲ್ಲ ನೋಡಿ ಏನೂ ತೊಂದರೆಯಿಲ್ಲ ಅಂದರಂತೆ. ಮೆಟ್ಟಿಲ ಮೇಲೆ ಎದುರಾದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದಳು. ಚಪ್ಪಲಿಯ ಸದ್ದೂ ಬಾರದಂತೆ ನಡೆಯುವ ಆ ಮಗುವನ್ನು ಕಂಡರೆ, ದೊಡ್ಡಮ್ಮನ ಅಷ್ಟೂ ದನಿಗಳಿಗಿಂತ ಹೆಚ್ಚು ಭಯವಾಗುತ್ತಿತ್ತು ನನಗೆ.

ಅವಳ ಮೊದಲ ಪ್ರಬಂಧ 'ನನ್ನ ಊರು'. 'ನಮ್ಮ ಊರು ಸುಂದರವಾದ ಊರು. ಅಲ್ಲಿ ಹಸಿರು ಹೊಲಗಳಿವೆ' ಎಂದು ಗೈಡಿನಲ್ಲಿರುವಂತೆಯೇ ಬರೆದಿದ್ದಳು. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡಳು, ಕಾದಳು. ಏನೂ ಬರಲಿಲ್ಲ.

"ಮೊಬೈಲಾ?" ಎಂದೆ.

"ಅಲ್ಲ. ಅದರಲ್ಲಿ ಯಾರೂ ಇರ್ಲಿಲ್ಲ. ಇಲ್ಲಿ ಯಾರೋ ಇದಾರೆ. ಬಾಗಿಲ ಹಿಂದೆ ನಿಂತ್ಕೊಂಡು ಉಸಿರು ಬಿಗಿ ಹಿಡಿದಿದಾರೆ."

ನಾನು ಬಾಗಿಲ ಹಿಂದೆ ನೋಡಿದೆ. ಏನು ಮಾಡುವುದು, ಅವಳು ಹೇಳುವ ರೀತಿಯೇ ಹಾಗಿತ್ತು!

ದೊಡ್ಡಮ್ಮ ಒಂದು ಚುಕ್ಕೆ ಇಟ್ಟು ಕೇಳಿದಳು: 'ನಿನ್ನ ಊರಲ್ಲಿ ಬೆಳಗ್ಗೆ ಎಲ್ಲಕ್ಕಿಂತ ಮೊದಲು ಕೇಳಿಸುವ ಸದ್ದು ಯಾವುದು?' ಶರಣಮ್ಮ ಹಸಿರು ಹೊಲ ಹೊಡೆದುಹಾಕಿ ಬರೆದುಕೊಂಡು ಬಂದಳು: 'ರೊಟ್ಟಿ ಬಡಿಯುವ ಸಪ್ಪಳ.' ಮತ್ತೆ ಚುಕ್ಕೆ: 'ಬಡಿಯುವವರು ಯಾರು?' ಉತ್ತರ: 'ಅಜ್ಜಿ.' ಆಮೇಲೆ ಮಳೆಗಾಲದ ಅಷ್ಟು ದಿನವೂ ಇದೇ ನಡೆಯಿತು. ಒಂದು ಸಾಲಿಗೆ ಒಂದು ಪ್ರಶ್ನೆ, ಒಂದು ಪ್ರಶ್ನೆಗೆ ಇನ್ನೊಂದು ಸಾಲು. ಪುಟದಲ್ಲಿ ಒಲೆ ಬಂತು, ಹೊಗೆ ಬಂತು, ಹಂಚಿನ ಬಿಸಿಗೆ ಸುಕ್ಕಾದ ಬೆರಳು ಬಂದವು. ಶರಣಮ್ಮನ ದನಿ ಮಾತ್ರ ಬರಲಿಲ್ಲ.

ಈ ನಡುವೆ ಅವಳ ತಾಯಿ ನೀರಿನ ಬಿಂದಿಗೆ ಇಟ್ಟುಕೊಂಡು ನಲ್ಲಿಯ ಹತ್ತಿರ ನಿಂತಿದ್ದಾಗ ನನಗೆ ಹೇಳಿದಳು: "ಶರಣವ್ವನ್ನ ಐತವಾರ ಇಂದಿರಾನಗರಕ್ಕ ಬಿಟ್ಟು ಬರತೀನ್ರೀ ಅಕ್ಕಾ. ಒಂದು ಮನ್ಯಾಗ ಸಣ್ಣ ಮಗೂನ ನೋಡ್ಕೊಳ್ಳಾಕ ಹುಡುಗಿ ಬೇಕಂತ. ಅಲ್ಲೇ ಇರೂದು, ಅಲ್ಲೇ ಉಣ್ಣೂದು."

"ಸ್ಕೂಲು?"

"ಬಾಯಿ ತೆರೀಲಾರ್ದಾಕಿ ಸಾಲಿಯಾಗ ಕುಂತು ಏನ್ ಮಾಡ್ತಾಳ್ರೀ? ಅದನ್ನೂ ಅವರಿಗಿ ಹೇಳೀನಿ, ಹುಡುಗಿ ಮಾತಾಡಲ್ಲರೀ ಅಂತ. ಹಂಗಿದ್ರ ಇನ್ನಾ ಚಲೋ ಅಂದ್ರು."

ಇನ್ನೂ ಚಲೋ! ಆ ಮನೆಯಲ್ಲಿ ಶರಣಮ್ಮ ಹೇಗಿರುತ್ತಾಳೆ ಎಂದು ಯೋಚಿಸಿದರೆ, ಗೋಡೆಗೆ ಒತ್ತಿಕೊಂಡು ಗೋಡೆಯೇ ಆಗಿಬಿಡುತ್ತಾಳೆ ಅನ್ನಿಸಿತು. ದೊಡ್ಡಮ್ಮನಿಗೆ ಹೇಳಿದೆ. ಅವಳು ಮಹಡಿ ಹತ್ತಿ ಹೋಗಿ ತಾಯಿಯ ಜೊತೆ ಮಾತಾಡಿದಳು. ಆಕೆ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು, ಆದರೆ ಮನಸ್ಸು ಬದಲಾಯಿಸಲಿಲ್ಲ. ಕೆಳಗಿಳಿದು ಬಂದ ದೊಡ್ಡಮ್ಮ ಊಟ ಮಾಡಲಿಲ್ಲ. ಶರಣಮ್ಮನ ಪುಸ್ತಕ ತೆಗೆದು ಕೊನೆಯ ಪ್ರಶ್ನೆ ಬರೆದಳು: 'ರೊಟ್ಟಿ ಬಡಿಯುತ್ತಾ ಅಜ್ಜಿ ಏನು ಹೇಳುತ್ತಾರೆ?' ಶನಿವಾರ ಉತ್ತರ ಬಂತು.

ಭಾನುವಾರ ಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಾನು ಮೆಟ್ಟಿಲ ಕೆಳಗೆ ಮೋಟಾರ್ ಸ್ವಿಚ್ ಹಾಕಲು ಬಂದಿದ್ದೆ. ದೊಡ್ಡಮ್ಮನ ಕೋಣೆಯಿಂದ ಪಟ್, ಪಟ್, ಪಟ್ ಎಂದು ಸದ್ದು ಬರುತ್ತಿತ್ತು. ನಮ್ಮದು ಮುದ್ದೆ ಉಣ್ಣುವ ಮನೆ. ಆ ಕೋಣೆಯಲ್ಲಿ ಯಾವತ್ತೂ ಯಾರೂ ರೊಟ್ಟಿ ಬಡಿದಿಲ್ಲ. ನನ್ನ ಕೈ ಸ್ವಿಚ್ಚಿನ ಮೇಲೆಯೇ ನಿಂತಿತು. ಬಗ್ಗಿ ನೋಡಿದರೆ ದೊಡ್ಡಮ್ಮ ಬೆನ್ನು ಹಾಕಿ ಕೂತು ಅಂಗೈಯಿಂದ ತೊಡೆ ಬಡಿಯುತ್ತಿದ್ದಾಳೆ. ಬೆನ್ನು ಬಾಗಿದೆ. ಬಾಯಿಂದ ಹಲ್ಲಿಲ್ಲದ ಮುದುಕಿಯ ದನಿ ಬರುತ್ತಿದೆ. ಮೆಲ್ಲಗೆ, ಮುದ್ದು ಮಾಡುವ ಹಾಗೆ: "ಏ ಸೊಸೀ, ಮೊದಲಿನ ರೊಟ್ಟಿ ಹುಡುಗೀಗಿ ಹಾಕು. ಉಂಡು ಸಾಲಿಗಿ ಹೋಗಲಿ."

ಅಷ್ಟರಲ್ಲಿ ಮೇಲಿಂದ ತಾಯಿ ಮಗಳು ಇಳಿದು ಬಂದರು. ತಾಯಿಯ ಕೈಯಲ್ಲಿ ಶರಣಮ್ಮನ ಬಟ್ಟೆಯ ಚೀಲ. ಟೀಚರಿಗೆ ಹೇಳಿ ಹೋಗೋಣವೆಂದು ಬಂದವಳು ಬಾಗಿಲ ಹೊರಗೇ ನಿಂತಳು.

"ಒಳಗ ಯಾರ್ರೀ?" ಎಂದು ನನ್ನನ್ನು ಕೇಳಿದಳು. "ನಮ್ಮ ಕಡೀ ಮುದುಕಿ ಯಾರರ ಬಂದಾರೇನು?"

ಒಳಗಿನ ದನಿ ಮತ್ತೆ ಅದನ್ನೇ ಹೇಳಿತು, ಇನ್ನೂ ಮೆಲ್ಲಗೆ. ಶರಣಮ್ಮನ ಹುಬ್ಬು ಗಂಟಿಕ್ಕಿತು. ಅವಳು ತಾಯಿಯ ಕೈ ಬಿಡಿಸಿಕೊಂಡು ಸೀದಾ ಒಳಗೆ ಹೋಗಿ ದೊಡ್ಡಮ್ಮನ ಬೆನ್ನ ಹಿಂದೆ ನಿಂತಳು.

"ಹಂಗಲ್ರೀ ಅಕ್ಕೋರ."

ಎಷ್ಟೋ ದಿನ ಬಳಸದೆ ಬಿಟ್ಟಿದ್ದ ಗಂಟಲು. ದನಿ ಒಡೆದುಹೋಗಿತ್ತು, ತುಕ್ಕು ಹಿಡಿದಿತ್ತು.

ದೊಡ್ಡಮ್ಮ ಬಡಿಯುವುದನ್ನು ನಿಲ್ಲಿಸಿದಳು. ತಿರುಗಲಿಲ್ಲ. ತಿರುಗಿದರೆ ಎಲ್ಲಿ ಆ ದನಿ ಮತ್ತೆ ಒಳಗೆ ಹೋಗಿಬಿಡುತ್ತದೋ ಎಂದು ಹೆದರಿದ್ದಳು. ಅದು ನನಗೆ ಅವಳ ಬೆನ್ನಿನಲ್ಲೇ ಕಾಣುತ್ತಿತ್ತು.

"ಅಜ್ಜಿ ಮೆತ್ತಗ ಅನ್ನಾಕಿ ಅಲ್ರೀ," ಎಂದಳು ಶರಣಮ್ಮ. "ಬೈತಿದ್ಲು."

ಜೀವಮಾನವೆಲ್ಲ ಬೇರೆಯವರ ತಪ್ಪಿಗೆ ಚುಕ್ಕೆ ಇಟ್ಟವಳು, ತನ್ನ ತಪ್ಪನ್ನು ಒಂದು ಮಗು ತೋರಿಸಿದ್ದಕ್ಕೆ ಅಳುತ್ತಿದ್ದಳು. ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟಳು. "ನನಗೆ ಬರ್ತಿಲ್ಲಮ್ಮ. ನೀನೇ ಹೇಳು."

ಶರಣಮ್ಮ ಕೂರಲಿಲ್ಲ. ನಿಂತಲ್ಲೇ ಸೊಂಟದ ಮೇಲೆ ಕೈಯಿಟ್ಟಳು. ಆ ಪುಟ್ಟ ಮೈಯಿಂದ, ಆ ಒಡಕು ಗಂಟಲಿಂದ, ಇಡೀ ವಠಾರಕ್ಕೆ ಕೇಳಿಸುವಂತೆ ಬಂತು: "ಏ ಸೊಸೀ! ಮೊದಲಿನ ರೊಟ್ಟಿ ಹುಡುಗೀಗಿ ಹಾಕು! ಉಂಡು ಸಾಲಿಗಿ ಹೋಗಲಿ! ಉಳದದ್ದು ಆಮ್ಯಾಲ!"

ನನ್ನ ಪಕ್ಕ ನಿಂತಿದ್ದ ತಾಯಿ ಚೀಲವನ್ನು ಕೆಳಗೆ ಬಿಟ್ಟಳು. ಎರಡೂ ಕೈಯಿಂದ ಸೆರಗನ್ನು ಎಳೆದು, ಹಣೆಯವರೆಗೂ ತಲೆಯ ಮೇಲೆ ಹೊದ್ದುಕೊಂಡಳು. ಆ ಕಡೆಯ ಸೊಸೆಯಂದಿರು ಅತ್ತೆಯ ಎದುರು ಹಾಗೆಯೇ ನಿಲ್ಲುತ್ತಾರಂತೆ.

"ಹೂನ್ರೀ ಅತ್ತಿ," ಎಂದಳು. ಚೀಲ ಎತ್ತಿಕೊಂಡು, ಬಂದ ಮೆಟ್ಟಿಲನ್ನೇ ಮತ್ತೆ ಹತ್ತಿದಳು.